ಅದೇ ಚಾಕು, ಅದೇ ಹೆಸರು: ಟ್ರೆಕ್ಕರ್‌ಗಳು ಯಾಕೆ ಬ್ರ್ಯಾಂಡ್ ಬಿಡಲ್ಲ?

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ನಾವು ಹತ್ತು ಜನ ಕುಮಾರ ಪರ್ವತಕ್ಕೆ ಹೊರಟಿದ್ವಿ. ಕಲ್ಲು ಮಂಟಪದ ಹತ್ತಿರ ಬ್ಯಾಗ್ ಇಳಿಸಿ, ಬುತ್ತಿ ಬಿಚ್ಚಿ, ಸೌತೆಕಾಯಿ ಹೆಚ್ಚೋಕೆ ಕೂತ್ವಿ. ನಮ್ಮ ಹತ್ರ ಇದ್ದದ್ದು ಆನ್‌ಲೈನಲ್ಲಿ ಮುನ್ನೂರೈವತ್ತು ರೂಪಾಯಿಗೆ ತರಿಸಿದ್ದ ಮಡಚುವ ಚಾಕು. ಕಪ್ಪು ಬಣ್ಣ, ಮಿಲಿಟರಿ ಲುಕ್ಕು, ಹಿಡಿಯಲ್ಲೇ ದಿಕ್ಸೂಚಿ ಬೇರೆ. ಎರಡನೇ ಸೌತೆಕಾಯಿಗೆ ಅದರ ಲಾಕ್ ಜಾರಿತು. ಅಲಗು ಮಡಚಿಕೊಂಡು ನೇರವಾಗಿ ನಮ್ಮ ಗೆಳೆಯನ ತೋರುಬೆರಳ ಮೇಲೆ ಬಿತ್ತು. ಬೆರಳಿಗೆ ಬಟ್ಟೆ ಸುತ್ತಿ ಕೆಳಗಿಳಿದು ಮೂರು ಹೊಲಿಗೆ ಹಾಕಿಸಿದ್ದಾಯ್ತು. ಶಿಖರ ನೋಡೋ ಆಸೆ ಅಲ್ಲಿಗೇ ಮುಗೀತು.

ಆ ಗಡಿಬಿಡಿಯಲ್ಲಿ ಬಟ್ಟೆ ಹರಿದುಕೊಟ್ಟಿದ್ದು ಜೊತೆಗಿದ್ದ ಸೀನಿಯರ್ ಒಬ್ಬರ ಚಾಕು. ಮರದ ಹಿಡಿ, ಕಲೆಬಿದ್ದ ಅಲಗು, ಕತ್ತಿನಲ್ಲೊಂದು ಉಂಗುರ. ನೋಡೋಕೆ ಅಜ್ಜನ ಕಾಲದ್ದು. ವಾಪಸ್ ಬಸ್ಸಲ್ಲಿ ಯಾವ ಬ್ರ್ಯಾಂಡ್ ಅಂತ ಕೇಳಿದ್ವಿ. "ಒಪಿನೆಲ್. ಇದು ಬಿಟ್ಟು ಬೇರೆ ಮುಟ್ಟಲ್ಲ" ಅಂದ್ರು. ಐಪಿಎಲ್ ಟೀಮಿಗೆ ಇರೋ ಹಾಗೆ ಚಾಕು ಕಂಪನಿಗೂ ಫ್ಯಾನ್ಸ್ ಇರ್ತಾರಾ ಅಂತ ನಕ್ಕಿದ್ವಿ. ಆದ್ರೆ ಪಕ್ಕದಲ್ಲೇ ಬ್ಯಾಂಡೇಜ್ ಸುತ್ತಿದ ಬೆರಳು ಕಾಣ್ತಿತ್ತು, ನಗು ಬಹಳ ಹೊತ್ತು ಉಳಿಯಲಿಲ್ಲ.

ಕಾಡು-ಬೆಟ್ಟ ಸುತ್ತುವವರು ಒಂದೇ ಚಾಕು ಕಂಪನಿಗೆ ಅಂಟಿಕೊಳ್ಳೋದು ಬರೀ ಹುಚ್ಚಲ್ಲ ಅನ್ನೋದು ಈಗ ನಮ್ಮ ಅಭಿಪ್ರಾಯ. ಅದು ಹೆಚ್ಚಿನ ಮಟ್ಟಿಗೆ ಪರೀಕ್ಷೆ ಮಾಡಿ ಗಳಿಸಿದ ನಂಬಿಕೆ. ಸ್ವಲ್ಪ ಹುಚ್ಚೂ ಇದೆ, ಅದಕ್ಕೆ ಆಮೇಲೆ ಬರೋಣ.

ಮೊದಲು ಆ ಒಪಿನೆಲ್ ಕಥೆ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸವ್ವಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಒಪಿನೆಲ್ ಮನೆತನದವರು ರೈತರಿಗೆ ಕೊಡಲಿ, ಮಚ್ಚು ಮಾಡಿಕೊಡ್ತಿದ್ರು. ಆ ಮನೆಯ ಹುಡುಗ ಜೋಸೆಫ್ 1890ರಲ್ಲಿ ಒಂದು ಸರಳ ಮಡಚುವ ಚಾಕು ಮಾಡಿದ. ಅವನ ವಯಸ್ಸು ಆಗ 18. ಅಂದ್ರೆ ನಮ್ಮ ಫಸ್ಟ್ ಇಯರ್ ಹುಡುಗರ ವಯಸ್ಸು! 1897ರಲ್ಲಿ ಅದಕ್ಕೆ 1ರಿಂದ 12ರವರೆಗೆ ಸೈಜು ನಂಬರ್ ಬಂತು. ಮುಂದೆ 1 ಮತ್ತು 11 ನಿಂತುಹೋದವು, ಉಳಿದ ನಂಬರುಗಳು ಇವತ್ತಿಗೂ ಇವೆ. ನಮ್ಮ ಸೀನಿಯರ್ ಕೈಲಿದ್ದದ್ದು 8ನೇ ನಂಬರ್, ಅಲಗು ಎಂಟೂವರೆ ಸೆಂಟಿಮೀಟರ್.

ಆ ಉಂಗುರ ಸೇರಿದ್ದು 1955ರಲ್ಲಿ. ಅಲಗು ಬಿಚ್ಚಿ ಉಂಗುರ ತಿರುಗಿಸಿದ್ರೆ ಅದು ಅಡ್ಡ ಬಂದು ಅಲಗು ಮಡಚದಂತೆ ತಡೆಯುತ್ತೆ. ತೀರಾ ಸಣ್ಣ ನಂಬರುಗಳಿಗೆ ಅದಿಲ್ಲ, ದೊಡ್ಡವಕ್ಕೆ ಇದೆ. ಒಟ್ಟು ಐದೇ ಭಾಗ: ಹಿಡಿ, ಅಲಗು, ರಿವೆಟ್, ಒಂದು ಪಟ್ಟಿ, ಒಂದು ಉಂಗುರ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ನಮ್ಮ ದಿಕ್ಸೂಚಿ ಚಾಕುವಿನಲ್ಲಿ ಎಷ್ಟು ಭಾಗ ಇತ್ತು ಅಂತ ಎಣಿಸೋಕೂ ಆಗಲಿಲ್ಲ, ಕೆಟ್ಟದ್ದು ಯಾವುದು ಅಂತ ಮಾತ್ರ ಗೊತ್ತಾಯ್ತು.

ನಿಷ್ಠೆಗೆ ಮೊದಲ ಕಾರಣ ಇಲ್ಲೇ ಇದೆ: ಡಿಸೈನ್ ಬದಲಾಗಲ್ಲ. ನಾವು ಪ್ರತಿ ವರ್ಷ ಹೊಸ ಫೋನ್ ಮಾಡೆಲ್ ನೋಡಿ ಬೆಳೆದವರು, ಹಳೇದು ಅಂದ್ರೆ ಕೆಟ್ಟದ್ದು ಅಂದ್ಕೊಂಡಿದ್ದೀವಿ. ಬೆಟ್ಟದ ಮೇಲೆ ಲೆಕ್ಕ ಬೇರೆ. ಅಲ್ಲಿ ಮಳೆ, ಕತ್ತಲು, ಚಳಿಗೆ ಮರಗಟ್ಟಿದ ಕೈ. ಚಾಕು ಕಳೆದುಹೋಗಿ ಇನ್ನೊಂದು ಕೊಂಡ್ರೆ ಅದೂ ಅದೇ ಜಾಗದಲ್ಲಿ ತೆರೀಬೇಕು, ಅದೇ ಕಡೆ ಲಾಕ್ ಆಗಬೇಕು.

ಎರಡನೇ ಕಾರಣ ಕೈಗೆ ಸಂಬಂಧಪಟ್ಟಿದ್ದು. ಒಪಿನೆಲ್‌ನ ಕಾರ್ಬನ್ ಸ್ಟೀಲ್ ಅಲಗಿನಲ್ಲಿ ಸುಮಾರು 0.9% ಇಂಗಾಲ ಇರುತ್ತೆ. ಬೇಗ ಹರಿತ ಆಗುತ್ತೆ, ಒರೆಸದೆ ಇಟ್ರೆ ಅಷ್ಟೇ ಬೇಗ ತುಕ್ಕು ಹಿಡಿಯುತ್ತೆ. ನಿಂಬೆಹಣ್ಣು ಕೊಯ್ದರೆ ಕಪ್ಪಾಗುತ್ತೆ. ಮಳೆಗೆ ಮರದ ಹಿಡಿ ಊದಿಕೊಂಡು ಅಲಗು ಹೊರಗೇ ಬರಲ್ಲ. ಆಗ ಹಿಡಿಯ ಹಿಂಭಾಗವನ್ನು ಕಲ್ಲಿಗೋ ಮೇಜಿಗೋ ಮೆಲ್ಲಗೆ ಕುಟ್ಟಿದ್ರೆ ಅಲಗು ತುದಿ ಇಣುಕುತ್ತೆ. ಇದು ಸವ್ವಾದವರ ಹಳೇ ಉಪಾಯ, ಅಲ್ಲಿಯವರು ಅದಕ್ಕೆ ತಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಹೊರಗಿನವರಿಗೆ ಇವೆಲ್ಲ ದೋಷ. ಐದು ವರ್ಷ ಬಳಸಿದವರಿಗೆ ಅದು ಪರಿಚಯ.

ಸ್ವೀಡನ್ನಿನ ಮೋರಾ ಚಾಕು ಬಳಸೋರದ್ದೂ ಇದೇ ಕಥೆ. ಮೋರಾ ಅನ್ನೋದು ಅಲ್ಲಿನ ದಲಾರ್ನಾ ಪ್ರಾಂತ್ಯದ ಒಂದು ಊರು, ಹತ್ತಿರದ ಹಳ್ಳಿಯಲ್ಲಿ 1891ರಲ್ಲೇ ಚಾಕು ಕಾರ್ಖಾನೆ ಶುರುವಾಗಿತ್ತು. ಅವರ ಅಲಗಿಗೆ ಎರಡೂ ಬದಿ ಒಂದೊಂದು ಅಗಲವಾದ ಇಳಿಜಾರು. ಸಾಣೆಕಲ್ಲಿನ ಮೇಲೆ ಆ ಇಳಿಜಾರನ್ನು ಸಪಾಟಾಗಿ ಇಟ್ಟರೆ ಸಾಕು, ಕೋನ ತಾನಾಗೇ ಸರಿ ಕೂರುತ್ತೆ. ಇದರಲ್ಲೇ ಸಾಣೆ ಹಿಡಿಯೋದು ಕಲಿತವರು ಬೇರೆ ಚಾಕು ಹಿಡಿದ್ರೆ ಮತ್ತೆ ಅ ಆ ಇ ಈ. ಪರೀಕ್ಷೆ ಹಾಲಲ್ಲಿ ಪಕ್ಕದವರ ಕ್ಯಾಲ್ಕುಲೇಟರ್ ಸಿಕ್ಕಿದಾಗ ನಮ್ಮ ಕೈ ತಡವರಿಸಲ್ವಾ? ಹಾಗೆ. ಬ್ರ್ಯಾಂಡ್ ಬಿಡೋದು ಅಂದ್ರೆ ಅದರ ಜೊತೆ ಕಲಿತ ಕೈಚಳಕವನ್ನೂ ಅರ್ಧ ಬಿಟ್ಟಂಗೆ.

ಮೂರನೇ ಕಾರಣ ಮೆಕ್ಯಾನಿಕಲ್‌ನವರಿಗೆ ಇಷ್ಟ ಆಗುತ್ತೆ. ಚಾಕುವಿನ ಮುಖ್ಯ ಗುಣ ಕಣ್ಣಿಗೆ ಕಾಣಲ್ಲ. ಉಕ್ಕಿನ ಹೆಸರು ಅಲಗಿನ ಮೇಲೆ ಬರೆದಿರಬಹುದು, ಆದ್ರೆ ಅದನ್ನು ಎಷ್ಟು ಕಾಯಿಸಿ, ಹೇಗೆ ತಣಿಸಿ, ಎಷ್ಟು ಹದ ಮಾಡಿದ್ರು ಅನ್ನೋದು ಎಲ್ಲಿ ಬರೆದಿರುತ್ತೆ? ಗಡಸುತನ ಹೆಚ್ಚಾದ್ರೆ ಅಂಚು ಚಕ್ಕೆ ಏಳುತ್ತೆ, ಕಡಿಮೆ ಆದ್ರೆ ಬೇಗ ಮೊಂಡಾಗುತ್ತೆ. ಲ್ಯಾಬಲ್ಲಿ ರಾಕ್‌ವೆಲ್ ಮಷೀನ್ ಇದೆ, ಅಂಗಡಿಯಲ್ಲಿ ಇಲ್ಲ. ಅಮೆರಿಕದ ಬಕ್ ಕಂಪನಿಯ 110 ಅನ್ನೋ ಮಡಚುವ ಚಾಕು 1964ರಿಂದ ಬರ್ತಿದೆ. ಅವರು ಅನೇಕ ವರ್ಷಗಳಿಂದ ಬಳಸ್ತಿರೋ 420ಎಚ್‌ಸಿ ದುಬಾರಿ ಉಕ್ಕೇನಲ್ಲ. ಆದ್ರೂ ಅದರ ಅಂಚನ್ನು ಜನ ಹೊಗಳ್ತಾರೆ. ಕಾರಣ ಪಾಲ್ ಬಾಸ್ ಅನ್ನೋ ತಜ್ಞರು ರೂಪಿಸಿದ ಹೀಟ್ ಟ್ರೀಟ್‌ಮೆಂಟ್. ಅಂದ್ರೆ ಕೊಳ್ಳುವವರಿಗೆ ಅಳೆಯೋಕೆ ಆಗದ ಕಡೆ ಬ್ರ್ಯಾಂಡ್ ಹೆಸರೇ ಅಳತೆ. "ಹೋದ ಸಲದ ಹದ ಈ ಸಲಾನೂ ಇರುತ್ತೆ" ಅನ್ನೋ ನಂಬಿಕೆಗೆ ದುಡ್ಡು ಕೊಡೋದು.

ಇದು ನಮಗೇನೂ ಹೊಸದಲ್ಲ. ನಮ್ಮ ಗುಂಪಿನ ಮಲೆನಾಡಿನ ಹುಡುಗಿಯೊಬ್ಬಳು ಹೇಳಿದ್ದು: ಅವಳ ಅಜ್ಜ ಕತ್ತಿ ಮಾಡಿಸೋದು ಒಂದೇ ಕುಲುಮೆಯಲ್ಲಿ. ಪೇಟೆಯಲ್ಲಿ ಕಡಿಮೆಗೆ ಸಿಗುತ್ತೆ ಅಂದ್ರೆ "ಅವನ ಹದ ನಂಗೆ ಗೊತ್ತು" ಅಂತಾರಂತೆ. ಆ ಕತ್ತಿ ಮೇಲೆ ಯಾವ ಮುದ್ರೆಯೂ ಇಲ್ಲ. ನಿಷ್ಠೆ ಮಾತ್ರ ಅದೇ.

ಕೊನೇ ಕಾರಣ, ಕಷ್ಟ ಬಂದಾಗ ಕಂಪನಿ ಹೇಗೆ ನಡ್ಕೊಳ್ಳುತ್ತೆ ಅನ್ನೋದು. ಕೆಂಪು ಹಿಡಿಯ ಸ್ವಿಸ್ ಚಾಕು ಗೊತ್ತಲ್ವಾ, ವಿಕ್ಟೋರಿನಾಕ್ಸ್? 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನದ ಒಳಗೆ ಚಾಕು ಒಯ್ಯೋದು ನಿಷೇಧ ಆಯ್ತು. ಏರ್‌ಪೋರ್ಟ್ ಅಂಗಡಿಗಳ ವ್ಯಾಪಾರ ಬಿದ್ದುಹೋಯ್ತು. ಆಗಲೂ ಆ ಕಂಪನಿ ಕೆಲಸಗಾರರನ್ನು ಮನೆಗೆ ಕಳಿಸಲಿಲ್ಲ, ಕೆಲವರನ್ನು ತಾತ್ಕಾಲಿಕವಾಗಿ ಸುತ್ತಮುತ್ತಲಿನ ಬೇರೆ ಕಂಪನಿಗಳಲ್ಲಿ ಕೆಲಸಕ್ಕೆ ಹಚ್ಚಿ ಉಳಿಸಿಕೊಂಡಿತು. ಚಾಕುವಿನ ಹರಿತಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ ಅನ್ನಬಹುದು. ನಾವು ಒಪ್ಪಲ್ಲ. ಕೈ ಪಳಗಿದವರು ಕಾರ್ಖಾನೆಯಲ್ಲೇ ಉಳಿದ್ರೆ ತಾನೇ ಮುಂದಿನ ವರ್ಷದ ಚಾಕೂ ಹಿಂದಿನ ವರ್ಷದ್ದರ ಹಾಗೆ ಬರೋದು?

ಈಗ ಹುಚ್ಚಿನ ವಿಷಯ. ಒಂದು ಹಣ್ಣೂ ಕೊಯ್ಯದ ಹತ್ತು ಚಾಕುಗಳನ್ನು ಡಬ್ಬಿಯಲ್ಲಿಟ್ಟು "ನಮ್ಮ ಬ್ರ್ಯಾಂಡೇ ಬ್ರ್ಯಾಂಡು" ಅಂತ ಜಗಳಕ್ಕೆ ನಿಲ್ಲೋರೂ ಇದ್ದಾರೆ. ಅದು ಚಾಕುವಿನ ಮೇಲಿನ ನಂಬಿಕೆ ಅಲ್ಲ, ಹೆಸರಿನ ಮೇಲಿನ ಅಭಿಮಾನ. ದುಬಾರಿ ಅಂದ್ರೆ ಒಳ್ಳೇದು ಅನ್ನೋ ವಾದವೂ ನಿಲ್ಲಲ್ಲ. ಪ್ಲಾಸ್ಟಿಕ್ ಹಿಡಿಯ ಸಾದಾ ಮೋರಾ ಚಾಕು ಅದರ ವರ್ಗದಲ್ಲಿ ತೀರಾ ಅಗ್ಗದವುಗಳಲ್ಲಿ ಒಂದು, ಆದ್ರೂ ಅದರ ಬಳಕೆದಾರರಷ್ಟು ನಿಷ್ಠರು ಕಡಿಮೆ. ಇನ್ನೊಂದು ಅಪಾಯವೂ ಇದೆ. ಹಳೇ ಮುದ್ರೆ ಹಾಗೇ ಇಟ್ಟುಕೊಂಡು ಒಳಗಿನ ಮಾಲು ಬದಲಾಯಿಸೋಕೆ ಯಾವ ಕಂಪನಿಗೂ ಆಗುತ್ತೆ. ನಂಬಿದವರು ಪರೀಕ್ಷೆ ಮಾಡೋದು ನಿಲ್ಲಿಸಿದ್ರೆ ಅದು ಗೊತ್ತಾಗೋದು ತಡವಾಗಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಕಪ್ಪು ಚಾಕುವಿನ ಲಾಕ್ ಅಲ್ಲಾಡ್ತಾ ಇದ್ದದ್ದು ಹೊರಡುವ ಮುಂಚೆಯೇ ನಮ್ಮಲ್ಲಿ ಇಬ್ಬರಿಗೆ ಗೊತ್ತಿತ್ತು. "ಸೌತೆಕಾಯಿಗೆ ತಾನೇ" ಅಂತ ಬಿಟ್ಟಿದ್ವಿ. ಒಳ್ಳೇ ಬ್ರ್ಯಾಂಡ್ ಇದ್ದಿದ್ರೂ ಈ ಉದಾಸೀನಕ್ಕೆ ಮದ್ದಿಲ್ಲ, ಯಾಕಂದ್ರೆ ಒಪಿನೆಲ್ ಉಂಗುರವೂ ನಾವೇ ತಿರುಗಿಸಿದ್ರೆ ಮಾತ್ರ ಲಾಕ್ ಆಗೋದು.

ಗೆಳೆಯರೇ, ಇನ್ನು ಕೆಲವೇ ವರ್ಷದಲ್ಲಿ ನಾವೂ ಏನಾದ್ರೂ ತಯಾರು ಮಾಡೋ ಕಡೆ ಕೂರ್ತೀವಿ. ಅದು ಬೋಲ್ಟ್ ಇರಬಹುದು, ಬ್ರೇಕ್ ಇರಬಹುದು, ಕೋಡ್ ಇರಬಹುದು. ಕೊಳ್ಳುವವರಿಗೆ ಕಾಣದ ಭಾಗ ಅದರಲ್ಲೂ ಇದ್ದೇ ಇರುತ್ತೆ, ಅಲ್ಲಿ ಕಳ್ಳಾಟ ಆಡೋಕೆ ಅವಕಾಶವೂ ಇರುತ್ತೆ. ದಿಕ್ಸೂಚಿ ಅಂಟಿಸಿದವರಿಗೆ ಆ ರಿವೆಟ್ ಗಟ್ಟಿ ಮಾಡೋಕೆ ಎಷ್ಟು ಖರ್ಚಾಗ್ತಿತ್ತು? ನಮ್ಮ ಪ್ರಕಾರ ಹೆಚ್ಚೇನಿಲ್ಲ.

ನಮ್ಮ ಗೆಳೆಯನ ಬೆರಳು ವಾಸಿಯಾಗಿದೆ, ತುದಿಯಲ್ಲಿ ಸ್ವಲ್ಪ ಸ್ಪರ್ಶ ಕಡಿಮೆ ಅಂತಾನೆ. ಮೊನ್ನೆ ಅವನೂ 8ನೇ ನಂಬರ್ ತರಿಸಿದ. ಕುಮಾರ ಪರ್ವತ ಇನ್ನೂ ಬಾಕಿ ಇದೆ, ಮಳೆಗಾಲ ಮುಗಿದ ಮೇಲೆ ಹೋಗ್ತೀವಿ. ಬರೋರು ಹೆಸರು ಕೊಡಿ, ಸೌತೆಕಾಯಿ ನಮ್ಮದು.