ಭಂಗಾರವೋ, ಬಂಗಾರವೋ?



ಕಾಗದದ ವಿಮಾನ ಹಾರಿಸದೆ ಬೆಳೆದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಈ ಸಲ ನಾನು ಹೇಳಹೊರಟಿರುವುದು ಅದಕ್ಕಿಂತ ಸ್ವಲ್ಪ ದೊಡ್ಡ ವಿಮಾನದ ಕಥೆ. ರೆಕ್ಕೆಯ ತುದಿಯಿಂದ ತುದಿಗೆ 2.6 ಮೀಟರ್, ತೂಕ 12 ಕಿಲೋ, ಮೂಗಿನಲ್ಲಿ 100 ಸಿ.ಸಿ. ಪೆಟ್ರೋಲ್ ಎಂಜಿನ್. ನೀವು ಕಾಲೇಜಿಗೆ ಓಡಿಸುವ ಸ್ಕೂಟರಿನ ಎಂಜಿನ್ನಿಗಿಂತ ಇದು ತುಸುವೇ ಚಿಕ್ಕದು. ಆದರೆ ಇದರೊಳಗೆ ಕೂರುವಂತಿಲ್ಲ. ನೆಲದ ಮೇಲೆ ನಿಂತು, ಕೈಯಲ್ಲಿ ರೇಡಿಯೋ ಪೆಟ್ಟಿಗೆ ಹಿಡಿದು ಹಾರಿಸಬೇಕು.

ಹೋದ ವರ್ಷ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಪುಣೆಯ ಮನೆ ಬಿಟ್ಟು ಮಗನ ಊರಿಗೆ ಹೊರಟರು. ಅಟ್ಟದ ಮೇಲೆ ಹದಿನೈದು ವರ್ಷದಿಂದ ಮಲಗಿದ್ದ ಈ ವಿಮಾನವನ್ನು ತೋರಿಸಿ, "ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ನಾಳೆ ಭಂಗಾರದವನು ಬರುತ್ತಾನೆ" ಎಂದರು. ಮರಾಠಿಯ ಭಂಗಾರ ಎಂದರೆ ಗುಜರಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನನ್ನ ಕನ್ನಡದ ಕಿವಿಗೆ ಅದು ಬಂಗಾರ ಎಂದೇ ಕೇಳಿಸಿತು. ಟೆಂಪೋ ಮಾಡಿಸಿ ಮನೆಗೆ ತಂದೆ. ಆಗ ಮನೆಯವರ ಮುಖ ಹೇಗಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಇದು ಆಕಾಶದಲ್ಲಿ ಕಸರತ್ತು ಮಾಡುವ ವಿಮಾನದ ಮಾದರಿ. ಜರ್ಮನಿಯ ವಾಲ್ಟರ್ ಎಕ್ಸ್‌ಟ್ರಾ ಎಂಬ ಕಸರತ್ತಿನ ಪೈಲಟ್ ರೂಪಿಸಿದ 'ಎಕ್ಸ್‌ಟ್ರಾ 300' ಮೊದಲು ಹಾರಿದ್ದು 1988ರಲ್ಲಿ. ಒಬ್ಬನೇ ಪೈಲಟ್ ಇದ್ದಾಗ ಗುರುತ್ವದ ಹತ್ತು ಪಟ್ಟು ಭಾರವನ್ನು ತಾಳಬಲ್ಲ ವಿಮಾನ ಅದು. ಅದನ್ನು ಸುಮಾರು ಮೂರನೇ ಒಂದು ಅಳತೆಗೆ ಇಳಿಸಿದರೆ ನನ್ನ ವಿಮಾನ. ಸಾಮಾನ್ಯವಾಗಿ ವಿಮಾನದ ರೆಕ್ಕೆ ಮೇಲ್ಗಡೆ ಹೆಚ್ಚು ಉಬ್ಬಿ, ಕೆಳಗಡೆ ಕಡಿಮೆ ಉಬ್ಬಿರುತ್ತದೆ. ಇದರದು ಮೇಲೂ ಕೆಳಗೂ ಒಂದೇ ಉಬ್ಬು. ಆದ್ದರಿಂದ ನೆಟ್ಟಗೆ ಹಾರುವಂತೆಯೇ ತಲೆಕೆಳಗಾಗಿಯೂ ಸಲೀಸಾಗಿ ಹಾರುತ್ತದೆ. 1996ರಲ್ಲಿ ಕಟ್ಟಿದ, ನಮ್ಮ ಬೀದರಿನಲ್ಲಿ ನೆಲೆಯಿರುವ ವಾಯುಪಡೆಯ 'ಸೂರ್ಯಕಿರಣ' ತಂಡದ ಪ್ರದರ್ಶನವನ್ನು ನೋಡಿದವರಿಗೆ ಈ ಹುಚ್ಚು ಎಂಥದೆಂದು ಗೊತ್ತಿರುತ್ತದೆ.

ಧೂಳು ಒರೆಸಿದಾಗ ವಿಮಾನ ಚೆನ್ನಾಗಿಯೇ ಕಂಡಿತು. ಬಣ್ಣ ಮಾಸಿತ್ತು, ಹೊದಿಕೆ ಅಲ್ಲಲ್ಲಿ ಸುಕ್ಕುಗಟ್ಟಿತ್ತು, ಅಷ್ಟೆ. ಇಂಥ ವಿಮಾನದ ಮೈಗೆ ಇಸ್ತ್ರಿ ಮಾಡಿ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಬಿಸಿ ತಗುಲಿದರೆ ಅದು ಮತ್ತೆ ಬಿಗಿಯಾಗುತ್ತದೆ. ಹೊಸ ಹೊದಿಕೆ, ಹೊಸ ಬ್ಯಾಟರಿ ಹಾಕಿದರೆ ಒಂದು ತಿಂಗಳಲ್ಲಿ ಹಾರಿಸಬಹುದು ಎಂದು ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ನನ್ನ ಅಣ್ಣನ ಮಗಳು ರಜೆಗೆ ಬಂದಿದ್ದಳು. ಎಂಜಿನ್ನಿನ ಹಿಂದಿನ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ, "ಕಾಕಾ, ಇಲ್ಲೆ ಮೆತ್ತಗ ಅದ ನೋಡ್ರಿ" ಎಂದಳು.

ನೋಡಿದೆ. ಒಳಗೆ ಹುಳುಕು, ಮೇಲೆ ಥಳುಕು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದೇ! ಈ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಬೇಕು. ವರ್ಷಗಟ್ಟಲೆ ಆ ಎಣ್ಣೆ ಮರದೊಳಗೆ ಇಳಿದು, ಹಳೆಯ ಅಂಟು ಸಡಿಲವಾಗಿತ್ತು. ಎಂಜಿನ್ ಪೂರ್ತಿ ಜಗ್ಗಿದ್ದರೆ ಮೂಗೇ ಕಿತ್ತು ಹೋಗುತ್ತಿತ್ತು. ಅಂದೇ ನಾವಿಬ್ಬರೂ ಒಂದು ನಿಯಮ ಮಾಡಿಕೊಂಡೆವು: ಹುಳುಕು ಕಂಡಮೇಲೆ ಥಳುಕಿನ ಕಡೆ ನೋಡಬಾರದು. ಹೊದಿಕೆಯನ್ನೆಲ್ಲ ಕಿತ್ತುಹಾಕಿದೆವು.

ಹೊದಿಕೆ ತೆಗೆದಾಗ ಕಾಣುವ ಅಸ್ಥಿಪಂಜರವೇ ಒಂದು ಪಾಠ. ಹೆಚ್ಚಿನದು ಬಾಲ್ಸಾ ಮರ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಹೆಚ್ಚಾಗಿ ಬರುವ ಈ ಮರ ನಮ್ಮ ತೇಗದ ಕಾಲುಭಾಗದಷ್ಟು ತೂಗುತ್ತದೆ. ಭಾರ ಬೀಳುವಲ್ಲಿ ಮಾತ್ರ ಪ್ಲೈವುಡ್. ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಅಡಿಗೆಮನೆಯ ಕಾರ್ನ್‌ಫ್ಲೋರನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿದರೆ, ಒಣಗುತ್ತ ಅದು ಎಣ್ಣೆಯನ್ನು ಹೀರುತ್ತದೆ. ಒಣಗಿದ್ದನ್ನು ಕೆರೆದು ಮತ್ತೆ ಬಳಿಯಬೇಕು. ಐದು ಸಲ ಬಳಿದೆವು. ಮೂಗಿನ ಹಲಗೆ ಮಾತ್ರ ಉಳಿಯಲಿಲ್ಲ. ಹೊಸದು ಕೊಯ್ದು ಎಪಾಕ್ಸಿ ಹಾಕಿ ಕೂರಿಸಿದೆವು.

ಮುಂದೆ ಪೆಟ್ರೋಲ್ ಟ್ಯಾಂಕು. ವಿಮಾನ ತಲೆಕೆಳಗಾದರೆ ಪೆಟ್ರೋಲು ಟ್ಯಾಂಕಿನ ಇನ್ನೊಂದು ಬದಿಗೆ ಹೋಗುತ್ತದೆ. ಆಗ ಎಂಜಿನ್ ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ. ಏಕೆಂದರೆ ಟ್ಯಾಂಕಿನೊಳಗೆ ಒಂದು ಮೆದು ಕೊಳವೆ, ಅದರ ತುದಿಗೊಂದು ಭಾರದ ಗುಂಡು. ಪೆಟ್ರೋಲು ಎಲ್ಲಿ ಸೇರುತ್ತದೆಯೋ ಗುಂಡೂ ಕೊಳವೆಯನ್ನು ಎಳೆದುಕೊಂಡು ಅಲ್ಲಿಗೇ ಬೀಳುತ್ತದೆ. ಎಷ್ಟು ಸರಳ ಉಪಾಯ ನೋಡಿ! ಆದರೆ ನಮ್ಮ ಕೊಳವೆ ಹದಿನೈದು ವರ್ಷದಲ್ಲಿ ಕಡ್ಡಿಯಂತೆ ಸೆಟೆದಿತ್ತು. ನೆಟ್ಟಗೆ ಹಾರುವಾಗ ಏನೂ ಗೊತ್ತಾಗುತ್ತಿರಲಿಲ್ಲ; ಮೊದಲ ಸಲ ತಲೆಕೆಳಗು ಮಾಡಿದ ಕ್ಷಣ ಎಂಜಿನ್ ನಿಲ್ಲುತ್ತಿತ್ತು. ಕಾರ್ಬ್ಯುರೇಟರಿನೊಳಗಿನ ತೆಳು ಪೊರೆಯೂ ಹಾಗೆಯೇ ಬಿರುಸಾಗಿತ್ತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ ಇರುತ್ತದೆ, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಲ್ಲವನ್ನೂ ಬದಲಾಯಿಸಿದೆವು.

ರೆಕ್ಕೆ ಮತ್ತು ಬಾಲದ ಹಿಂದೆ ಆಡುವ ಪಟ್ಟಿಗಳಿರುತ್ತವೆ. ಅವುಗಳ ಕೀಲಾಗಲಿ, ಅವನ್ನು ಆಡಿಸುವ ಸರಳಾಗಲಿ ಸಡಿಲವಿದ್ದರೆ ವೇಗದಲ್ಲಿ ಪಟ್ಟಿ ಪತಾಕೆಯಂತೆ ಪಟಪಟ ಬಡಿದುಕೊಳ್ಳತೊಡಗುತ್ತದೆ. ನೋಡನೋಡುತ್ತಿದ್ದಂತೆ ಅದು ಕಿತ್ತುಹೋಗುತ್ತದೆ. ಆದ್ದರಿಂದ ಒಂದೊಂದು ಕೀಲನ್ನೂ ಜಗ್ಗಿ ನೋಡಿದೆವು. ತೂಕವನ್ನೂ ಗ್ರಾಂ ಲೆಕ್ಕದಲ್ಲಿ ನೋಡಬೇಕು. ತೂಕದ ಮಧ್ಯಬಿಂದುವಿನಿಂದ ಬಾಲ ದೂರ, ಮೂಗು ಹತ್ತಿರ. ಬಾಲದಲ್ಲಿ ಹತ್ತು ಗ್ರಾಂ ಹೆಚ್ಚಾದರೆ ಸರಿದೂಗಿಸಲು ಮೂಗಿನಲ್ಲಿ ಅದರ ಎರಡು-ಮೂರು ಪಟ್ಟು ಸೇರಿಸಬೇಕಾಗುತ್ತದೆ. ರಿಪೇರಿ ಮಾಡುವವನು ಧಾರಾಳವಾಗಿ ಅಂಟು ಸುರಿಯಬಾರದು ಎನ್ನುವುದು ಇದಕ್ಕೇ.

ರೇಡಿಯೋ ಹೊಸದನ್ನೇ ತಂದೆ. ಹಿಂದಿನ ಕಾಲದಲ್ಲಿ ಮೈದಾನದಲ್ಲಿ ಒಂದು ಹಲಗೆ ಇರುತ್ತಿತ್ತು. ಅದರಲ್ಲಿದ್ದ ನಮ್ಮ ಚಾನೆಲ್ಲಿನ ಕ್ಲಿಪ್ಪು ಕೈಯಲ್ಲಿದ್ದರೆ ಮಾತ್ರ ಪೆಟ್ಟಿಗೆ ಆನ್ ಮಾಡಬೇಕು. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಆನ್ ಮಾಡಿದರೆ ಆಕಾಶದಲ್ಲಿದ್ದ ವಿಮಾನ ನೆಲಕ್ಕೆ! ಈಗಿನ 2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ಆ ತಾಪತ್ರಯವಿಲ್ಲ. ಸಂಪರ್ಕ ತಪ್ಪಿದರೆ ಎಂಜಿನ್ ತಾನಾಗಿ ಇಳಿಯುವಂತೆಯೂ ಹೊಂದಿಸಬಹುದು.

ಇಷ್ಟಾಗುವ ಹೊತ್ತಿಗೆ ನನ್ನ ಒಂದು ತಿಂಗಳು ಏಳು ತಿಂಗಳಾಗಿತ್ತು. ಒಂದು ಭಾನುವಾರ ಊರ ಹೊರಗಿನ ಮೈದಾನಕ್ಕೆ ಒಯ್ದೆವು. ನಾನೇ ಕರೆದಿದ್ದ ಏಳೆಂಟು ಸ್ನೇಹಿತರು, ಅವರ ಮಕ್ಕಳು, ಉಪ್ಪಿಟ್ಟಿನ ಡಬ್ಬಿ, ಕ್ಯಾಮೆರಾ. ಹಾರಿಸುವ ಮೊದಲು ರೇಡಿಯೋದ ಶಕ್ತಿ ಇಳಿಸಿ, ಮೂವತ್ತು ಹೆಜ್ಜೆ ದೂರ ನಡೆದು, ಎಲ್ಲವೂ ಸರಿಯಾಗಿ ಆಡುತ್ತದೆಯೇ ಎಂದು ನೋಡಬೇಕು. ಎಂಜಿನ್ ನಿಂತಿದ್ದಾಗ ಎಲ್ಲ ಸರಿಯಿತ್ತು. ಎಂಜಿನ್ ಓಡಿಸಿ ನೋಡಿದಾಗ ಬಾಲದ ಪಟ್ಟಿ ಒಮ್ಮೆ ನಡುಗಿತು. ಒಮ್ಮೆ ಮಾತ್ರ. ಮತ್ತೆ ಮೂರು ಸಲ ನೋಡಿದೆವು, ನಡುಗಲಿಲ್ಲ.

"ಏನೂ ಆಗೂದಿಲ್ಲ, ಎಂಜಿನ್ನಿನ ಅದುರು ಅದು" ಎಂದೆ.

ಅವಳು ತಲೆಯಾಡಿಸಿದಳು. "ಇವತ್ತ ಬ್ಯಾಡ ಕಾಕಾ. ಹುಳುಕು ಕಂಡಮ್ಯಾಲ ಥಳುಕು ನೋಡಬಾರದು ಅಂತ ನೀವ ಹೇಳಿದ್ರಿ."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಅಷ್ಟು ಜನರೆದುರು ಹತ್ತೊಂಬತ್ತರ ಹುಡುಗಿಯ ಮಾತು ಕೇಳಿ ವಾಪಸು ಹೋಗುವುದೇ? ಆದರೆ ಇಪ್ಪತ್ತು ವರ್ಷದ ಹಿಂದಿನ ಇನ್ನೊಂದು ಭಾನುವಾರ ನೆನಪಾಯಿತು. ಇದೇ ಪರೀಕ್ಷೆಯನ್ನು ಅವಸರದಲ್ಲಿ ಬಿಟ್ಟು ಹಾರಿಸಿದ ನನ್ನ ಚಿಕ್ಕ ವಿಮಾನ ಕೈ ತಪ್ಪಿ ಕಬ್ಬಿನ ಗದ್ದೆಗೆ ಬಿದ್ದಿತ್ತು. ಓಡಿಹೋಗಿ ನೋಡಿದರೆ, ಬಿದ್ದ ಜಾಗದಿಂದ ಹತ್ತು ಹೆಜ್ಜೆಯಲ್ಲಿ ಒಬ್ಬ ಮುದುಕ ಕಳೆ ಕೀಳುತ್ತಿದ್ದ. ಅದು ಎರಡು ಕಿಲೋ ವಿಮಾನ. ಇದು ಹನ್ನೆರಡು ಕಿಲೋ. ಉಪ್ಪಿಟ್ಟು ತಿಂದು ಎಲ್ಲರೂ ಮನೆಗೆ ಹೊರಟೆವು.

ತಪ್ಪು ಸಿಕ್ಕಿದ್ದು ರಾತ್ರಿ. ವಿಮಾನದ ಮೈಯುದ್ದಕ್ಕೂ ಬಾಲದವರೆಗೆ ಹೋಗುವ ಹಳೆಯ ತಂತಿಯೊಂದನ್ನು, ಮೇಲಿನಿಂದ ಚೆನ್ನಾಗಿದೆಯೆಂದು ಬದಲಾಯಿಸದೆ ಬಿಟ್ಟವನು ನಾನೇ. ಅದರ ಪ್ಲಾಸ್ಟಿಕ್ ಸುಲಿದು ನೋಡಿದರೆ ಒಳಗಿನ ತಾಮ್ರದ ಎಳೆಗಳೆಲ್ಲ ಕಪ್ಪಾಗಿ ಪುಡಿಯಾಗುತ್ತಿದ್ದವು. ನೂರು ರೂಪಾಯಿಯೂ ಬಾಳದ ತಂತಿ!

ಎರಡು ವಾರದ ನಂತರ ಬೆಳಗಿನ ಏಳು ಗಂಟೆಗೆ ನಾವಿಬ್ಬರೇ ಹೋದೆವು. ಪರೀಕ್ಷೆಯನ್ನು ಅವಳೇ ಮಾಡಿ, "ಹೂಂ" ಎಂದಳು. ವಿಮಾನ ನಾಲ್ಕು ನಿಮಿಷ ಹಾರಿತು. ಎರಡು ಸುತ್ತು ನೆಟ್ಟಗೆ, ಒಂದು ಸುತ್ತು ತಲೆಕೆಳಗಾಗಿ. ಎಂಜಿನ್ ನಿಲ್ಲಲಿಲ್ಲ. ಇಳಿಸಿದಾಗ ನನ್ನ ಮೊಣಕಾಲು ನಡುಗುತ್ತಿತ್ತು.

ಈ ಹುಚ್ಚು ನಿಮಗೂ ಹಿಡಿದರೆ ನಾಲ್ಕು ಮಾತು. ದೊಡ್ಡ ವಿಮಾನದಿಂದ ಶುರು ಮಾಡಬೇಡಿ. ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ, ಆಮೇಲೆ ಥರ್ಮೋಕೋಲಿನಂಥ ಹಗುರ ವಿಮಾನದಲ್ಲಿ ಕೈ ಪಳಗಿಸಿ. ಕಾಲೇಜಿನಲ್ಲಿ ಎನ್.ಸಿ.ಸಿ. ವಾಯು ವಿಭಾಗ ಇದ್ದರೆ ಸೇರಿ, ಅಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಾರೆ. 2021ರ ಡ್ರೋನ್ ನಿಯಮಗಳಲ್ಲಿ 25 ಕಿಲೋವರೆಗಿನ ಮಾದರಿ ವಿಮಾನಗಳಿಗೆ ಜಾಗವಿದೆ, ಆದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಕೆಂಪು, ಹಳದಿ, ಹಸಿರು ವಲಯಗಳ ನಕ್ಷೆ ನೋಡದೆ ಎಲ್ಲೂ ಹಾರಿಸಬೇಡಿ. ಲೋಹಗಾಂವ್‌ನಲ್ಲಿ ವಾಯುಪಡೆಯ ನೆಲೆಯಿರುವ ನಮ್ಮ ಪುಣೆಯಲ್ಲಂತೂ ಇದನ್ನು ಮರೆಯಲೇಬಾರದು.

ಅಟ್ಟದ ಮೇಲಿನದೆಲ್ಲ ಬಂಗಾರವಲ್ಲ, ಎಲ್ಲವೂ ಭಂಗಾರವೂ ಅಲ್ಲ. ಯಾವುದು ಯಾವುದೆಂದು ತಿಳಿಯಬೇಕಾದರೆ ಹೊದಿಕೆ ತೆಗೆದು ನೋಡಬೇಕು. ಮತ್ತೆ, ಜೊತೆಯಲ್ಲಿ "ಇವತ್ತ ಬ್ಯಾಡ" ಎನ್ನುವವರೊಬ್ಬರು ಇರಬೇಕು. ನಿಮ್ಮ ಮನೆಯ ಹಿರಿಯರಿಗೆ ನೀವೇ ಅಂಥವರಾಗಿ. ಮೊದಲು ನಮಗೆ ಸಿಟ್ಟು ಬರುತ್ತದೆ. ರಾತ್ರಿ ತಂತಿ ಸುಲಿದು ನೋಡಿದಮೇಲೆ ಹೋಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.