ಅಜ್ಜನ ಹುಟ್ಟುಹಬ್ಬಕ್ಕೆ ಯಾವ ಹಾಡು?

ಮಕ್ಕಳೇ, ಮೊದಲು ಒಂದು ಲೆಕ್ಕ. 10 ಮತ್ತು 12ರ ಲಸಾಅ ಎಷ್ಟು? 60 ಅಂದಿರಾ? ಭೇಷ್! ಜಪಾನಿನವರ ಅರವತ್ತರ ಸಂಭ್ರಮ ನಿಂತಿರುವುದು ಈ ಲೆಕ್ಕದ ಮೇಲೆಯೇ. ಅವರ ಹಳೆಯ ಪಂಚಾಂಗದಲ್ಲಿ ಇಲಿ, ಹುಲಿ, ಮೊಲ ಮುಂತಾದ 12 ಪ್ರಾಣಿಗಳ ಸುತ್ತು ಒಂದು, 10 ಚಿಹ್ನೆಗಳ ಸುತ್ತು ಇನ್ನೊಂದು. ಹುಟ್ಟಿದ ವರ್ಷದ ಜೋಡಿ ಮತ್ತೆ ಬರಲು 60 ವರ್ಷ ಬೇಕು. ನಮ್ಮಲ್ಲೂ 60 ಸಂವತ್ಸರ ಮುಗಿದಾಗ ಷಷ್ಟ್ಯಬ್ದಿ ಮಾಡುತ್ತೇವಲ್ಲ, ಹಾಗೆ. ಅಲ್ಲಿ ಅದು 'ಕನ್ರೆಕಿ'. ಮತ್ತೆ ಮಗುವಾದರು ಎಂದು ಅಜ್ಜನಿಗೆ ಕೆಂಪು ಟೋಪಿ, ತೋಳಿಲ್ಲದ ಕೆಂಪು ಅಂಗಿ ತೊಡಿಸುತ್ತಾರೆ.

77 ತುಂಬಿದರೆ 'ಕಿಜು', ಅಂದರೆ ಸಂತೋಷದ ವಯಸ್ಸು. 88 'ಬೇಜು', ಅಕ್ಕಿಯ ವಯಸ್ಸು. ಅವರ ಲಿಪಿಯಲ್ಲಿ ಅಕ್ಕಿ ಎಂಬ ಅಕ್ಷರವನ್ನು ಬಿಡಿಸಿದರೆ ಎಂಟು, ಹತ್ತು, ಎಂಟು ಸಿಗುತ್ತವೆ!

ಇಂಥ ದಿನ ಮೊಮ್ಮಕ್ಕಳು ಒಜೀಸಾನ್‌ಗೆ, ಅಂದರೆ ಅಜ್ಜನಿಗೆ, ಯಾವ ಹಾಡು ಹಾಡಬೇಕು? ಮೊದಲು ಅಜ್ಜನ ಪ್ರಾಯದ ದಿನಗಳ ಲೆಕ್ಕ ಹಾಕಬೇಕು. 1948ರಲ್ಲಿ ಹುಟ್ಟಿದವರಿಗೆ 1961ರಲ್ಲಿ 13 ವರ್ಷ. ಆ ವರ್ಷ ಕ್ಯೂ ಸಕಮೊತೊ ಹಾಡಿದ 'ಉಎ ಒ ಮುಯಿತೆ ಅರುಕೋ' ಬಂತು. 1963ರಲ್ಲಿ ಅದು ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಕಣ್ಣೀರು ಕೆಳಗೆ ಬೀಳದಿರಲೆಂದು ತಲೆಯೆತ್ತಿ ನಡೆಯುವವನ ಹಾಡು ಅದು. ರಾಗ ಮಾತ್ರ ಲವಲವಿಕೆಯದು. ಸಿಳ್ಳೆ ಹಾಕುತ್ತಾ ಹಾಡಬಹುದು.

ಮೊಮ್ಮಗಳಿಗೂ ಅಜ್ಜನಿಗೂ ಬರುವ ಹಾಡು ಬೇಕೆಂದರೆ 1914ರ 'ಫುರುಸಾತೊ' ಇದೆ. ಹುಟ್ಟೂರಿನ ಬೆಟ್ಟ, ಹೊಳೆಗಳನ್ನು ನೆನೆಯುವ ಈ ಹಾಡನ್ನು ತಲೆಮಾರುಗಳಿಂದ ಶಾಲೆಯಲ್ಲಿ ಕಲಿಸಿದ್ದಾರೆ. ಬದುಕನ್ನು ನದಿಗೆ ಹೋಲಿಸುವ 'ಕವಾ ನೊ ನಗರೆ ನೊ ಯೋನಿ' ಕೂಡ ಹಿರಿಯರಿಗೆ ಒಪ್ಪುತ್ತದೆ. ಅದನ್ನು ಮಿಸೊರಾ ಹಿಬರಿ ಹಾಡಿದ್ದು 1989ರಲ್ಲಿ; ಅದೇ ವರ್ಷ 52ನೇ ವಯಸ್ಸಿಗೆ ತೀರಿಕೊಂಡರು.

ಒಂದು ಎಚ್ಚರಿಕೆ. ರಾಗ ಇಂಪಾಗಿದೆಯೆಂದು 'ಹೊತಾರು ನೊ ಹಿಕಾರಿ'ಯನ್ನು ಆರಿಸಿದರೆ ಫಜೀತಿ. ಅದು ಶಾಲೆ ಮುಗಿಸಿದವರನ್ನು ಬೀಳ್ಕೊಡುವ ಹಾಡು. ಹುಟ್ಟುಹಬ್ಬದ ದಿನ ಅಜ್ಜನಿಗೆ 'ಹೋಗಿ ಬನ್ನಿ' ಎಂದಂತಾದೀತು! ಆದ್ದರಿಂದ ರಾಗದ ಜೊತೆ ಅರ್ಥವನ್ನೂ ನೋಡಬೇಕು. ಶ್ರುತಿ ಸ್ವಲ್ಪ ತಗ್ಗಿಸಿ ನಿಧಾನವಾಗಿ ಹಾಡಿದರೆ ಅಜ್ಜನ ದನಿಯೂ ಸೇರುತ್ತದೆ. ಹಿರಿಯರಿಗೆ ಹಾಡು ಕೇಳುವುದಕ್ಕಿಂತ ಅದರಲ್ಲಿ ಸೇರಿಕೊಳ್ಳುವುದೇ ದೊಡ್ಡ ಉಡುಗೊರೆ.

ನಿಮ್ಮ ಮನೆಯ ಅಜ್ಜ, ಅಜ್ಜಿ 13 ವರ್ಷದವರಿದ್ದಾಗ ಯಾವ ಹಾಡು ಗುನುಗುತ್ತಿದ್ದರು? ಈ ವಾರ ಕೇಳಿ ಬರೆದಿಟ್ಟುಕೊಳ್ಳಿ. ಹಿರಿಯರೇ, ಮಕ್ಕಳು ಕೇಳಿದಾಗ 'ಈಗ್ಯಾಕೆ ಅದೆಲ್ಲ' ಅನ್ನಬೇಡಿ. ಎರಡು ಸಾಲಾದರೂ ಹಾಡಿ ತೋರಿಸಿ. ನೀವು ಹೇಳದಿದ್ದರೆ ಅವರಿಗೆ ಇನ್ಯಾರು ಹೇಳಿಯಾರು?