ಹೇಳದೆ ತಿಳಿಸುವ ಗುಟ್ಟು

ಅಶೋಕವನದಲ್ಲಿ ಸೀತೆಯ ಸಂದೇಹವು ನೀಗಿದುದು ಹನುಮಂತನು ತಂದ ಮುದ್ರೆಯುಂಗುರದಿಂದ. ಆದರೆ ಉಂಗುರವು ಕಳವಾದರೆ ಕಳ್ಳನೂ ದೂತನಾಗಬಲ್ಲನು. ಪಾಸ್‌ವರ್ಡ್ ಎಂಬ ಗುಪ್ತಪದಕ್ಕೂ ಇದೇ ಭಯ. ಅದನ್ನು ಇದ್ದಂತೆಯೇ ವೆಬ್ ಸರ್ವರ್‌ಗೆ ಕಳುಹಿದರೆ, ನಡುದಾರಿಯಲ್ಲಿ ಹೊಂಚಿ ಕುಳಿತವನು ಓದಿಕೊಳ್ಳುವನು.

ಈ ತೊಡಕಿಗೆ ಪರಿಹಾರವಾಗಿ 1997ರಲ್ಲಿ ‘ಡೈಜೆಸ್ಟ್’ ವಿಧಾನವು ಪ್ರಕಟವಾಯಿತು. ಬಂದವನಿಗೆ ಸರ್ವರ್ ಮೊದಲು ‘ನಾನ್ಸ್’ ಎಂಬ ಹೊಸ ಸಂಕೇತವೊಂದನ್ನು ಕೊಡುತ್ತದೆ. ಅವನ ಕಂಪ್ಯೂಟರ್ ಹೆಸರನ್ನೂ ಗುಪ್ತಪದವನ್ನೂ ರೊನಾಲ್ಡ್ ರಿವೆಸ್ಟರ ‘ಎಂಡಿ5’ ಸೂತ್ರದಿಂದ ಅರೆದು, ಬಂದ ಹಿಟ್ಟಿಗೆ ಸಂಕೇತವನ್ನೂ ಪುಟದ ವಿಳಾಸವನ್ನೂ ಬೆರೆಸಿ ಮತ್ತೆ ಅರೆಯುತ್ತದೆ. ಕೊನೆಗುಳಿದ 32 ಅಂಕಾಕ್ಷರಗಳ ಸಾರವನ್ನು ಮಾತ್ರ ಉತ್ತರವಾಗಿ ಕಳುಹುತ್ತದೆ. ಸರ್ವರ್ ಕೂಡ ಅದೇ ಲೆಕ್ಕವನ್ನು ಮಾಡಿ ತಾಳೆ ನೋಡುತ್ತದೆ. ಗುಪ್ತಪದವು ದಾರಿಯಲ್ಲಿ ಕಾಲಿಡುವುದೇ ಇಲ್ಲ!

ಆದರೂ ಪ್ರೋಗ್ರಾಂ ಬರೆಯುವವನು ನಿಶ್ಚಿಂತನಾಗಲಾಗದು. ಸಂಕೇತವು ಬದಲಾಗದಿದ್ದರೆ ಹಳೆಯ ಉತ್ತರವೇ ಕಳ್ಳನಿಗೆ ಸಾಕು. ಗುಪ್ತಪದವು ತೀರ ಸುಲಭವಾದುದಾದರೆ, ಒಂದೊಂದೇ ಪದವನ್ನು ಊಹಿಸಿ, ಅರೆದು, ಹೋಲಿಸಿ ನೋಡಬಹುದು. ಇವೆಲ್ಲಕ್ಕಿಂತ ದೊಡ್ಡ ಅಪಾಯವು ಮನೆಯೊಳಗೇ ಇದೆ. ತಾಳೆ ನೋಡಲೆಂದು ಸರ್ವರ್ ಮೊದಲ ಸಲ ಅರೆದ ಹಿಟ್ಟನ್ನು ಕಡತದಲ್ಲಿ ಇರಿಸಿಕೊಂಡಿರುತ್ತದೆ. ಆ ಕಡತವು ಕೈಸೇರಿದವನಿಗೆ ಗುಪ್ತಪದವೇ ಬೇಕಿಲ್ಲ. ಹೊಸ ಸಂಕೇತವನ್ನು ಬೆರೆಸಿದರಾಯಿತು, ಸರಿಯುತ್ತರ ಸಿದ್ಧ. 2015ರಲ್ಲಿ ‘ಶಾ-256’ ಎಂಬ ಬಲವಾದ ಸೂತ್ರವು ಸೇರಿದರೂ ಈ ದೋಷವು ತೊಲಗಲಿಲ್ಲ.

ಆದುದರಿಂದಲೇ ಇಂದು ಇಡೀ ಸಂಭಾಷಣೆಯನ್ನು ‘ಟಿಎಲ್‌ಎಸ್’ ಎಂಬ ಗೂಢಲಿಪಿಯ ಹೊದಿಕೆಯೊಳಗೆ ನಡೆಸುವುದು ರೂಢಿಯಾಗಿದೆ. ಅದೂ ದಾರಿಯ ಕಾವಲು ಮಾತ್ರ. ದಾರಿಗಳ್ಳನನ್ನು ಗೆದ್ದವನು ಮನೆಯ ಪೆಟ್ಟಿಗೆಗೆ ಬೀಗ ಹಾಕುವುದನ್ನು ಮರೆಯಬಾರದು.